ಅಟ್ಟ ಗುಡಿಸುವ ಯಂತ್ರ

(ಶತಮಾನೋತ್ಸವ ಉಪನ್ಯಾಸಮಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಲಿಖಿತ ರೂಪ)



ಈ ಉಪನ್ಯಾಸಮಾಲೆಯಲ್ಲಿ ಈವರೆಗೆ ಮಾತನಾಡಿದ ವಿದ್ವಾಂಸರು ಗಡಿನಾಡಿನ ಕನ್ನಡದ ಬಗೆಗೆ, ಯಕ್ಷಗಾನದ ಬಗೆಗೆ, ಮಂಜೇಶ್ವರದ ಗೋವಿಂದ ಪೈಗಳ ಬಗೆಗೆ ಮಾತನಾಡಿ ನಮ್ಮನ್ನು ಸಂತೋಷಪಡಿಸಿದ್ದಾರೆ. ಕನ್ನಡ ಎಂ.ಎ. ಮಾಡಿದ ನನ್ನಿಂದಲೂ ಸಮಿತಿಯವರು ಅಂಥದೇ ಒಂದು ವಿಷಯವನ್ನು ನಿರೀಕ್ಷಿಸಿದ್ದು ಸಹಜ. ಆದರೆ ನಾನು ಬರೆದುಕೊಟ್ಟ ಚೀಟಿಯಲ್ಲಿ "ಸಾಫ್ಟ್‌ವೇರ್ ಕಟ್ಟುವ ಸರ್ವರ್‌ಗಳಲ್ಲಿ ಹಳೆಯ ಬಿಲ್ಡ್ ಡೈರೆಕ್ಟರಿಗಳನ್ನು ತಾನಾಗಿ ತೆರವುಗೊಳಿಸುವ ಕ್ರಮ" ಎಂದಿತ್ತು. ಸಂಚಾಲಕರು ಅದನ್ನು ಎರಡು ಬಾರಿ ಓದಿ, "ಟೀಚರೇ, ಇದು ನಮ್ಮ ಶಾಲೆಯ ಕಾರ್ಯಕ್ರಮಕ್ಕೇ ಅಲ್ಲವೇ?" ಎಂದು ಕೇಳಿದರು. ನಮ್ಮ ಶಾಲೆಯ ಕಾರ್ಯಕ್ರಮಕ್ಕೇ ಹೌದು. ಈ ವಿಷಯ ನನ್ನ ತಲೆಯೊಳಗೆ ಹೊಕ್ಕದ್ದು ನಮ್ಮ ಶಾಲೆಯ ಕಂಪ್ಯೂಟರ್ ಪ್ರಯೋಗಾಲಯದ ಬಾಗಿಲಿನಿಂದ. ಅದು ಕೊನೆಗೆ ಹೋಗಿ ನಿಂತದ್ದು ನಮ್ಮದೇ ಹಳೆ ಕಟ್ಟಡದ ಅಟ್ಟದಲ್ಲಿ. ಆ ದಾರಿಯನ್ನು ನಿಮಗೂ ತೋರಿಸಬೇಕೆಂಬುದು ನನ್ನ ಇಚ್ಛೆ.

ಎರಡು ವರ್ಷಗಳ ಹಿಂದೆ, ಹತ್ತನೆಯ ತರಗತಿಯ ಐ.ಟಿ. ಪ್ರಾಯೋಗಿಕ ಪರೀಕ್ಷೆಯ ಹಿಂದಿನ ದಿನ ಸಂಜೆ, ಪ್ರಯೋಗಾಲಯದ ಮುಖ್ಯ ಕಂಪ್ಯೂಟರ್ ಯಾವ ಮಗುವಿನ ಕೆಲಸವನ್ನೂ ಉಳಿಸಿಕೊಳ್ಳಲು ಒಪ್ಪಲಿಲ್ಲ. ತೆರೆಯ ಮೇಲೆ ಇಂಗ್ಲಿಷಿನ ಒಂದೇ ಸಾಲು: ಸಾಧನದಲ್ಲಿ ಜಾಗ ಉಳಿದಿಲ್ಲ. ಐ.ಟಿ. ಶಿಕ್ಷಕರು ರಜೆಯಲ್ಲಿದ್ದರು. ನನಗೆ ತೋಚಿದ್ದು ಒಂದೇ ದಾರಿ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಉದ್ಯೋಗದಲ್ಲಿರುವ ನಮ್ಮ ಹಳೆ ವಿದ್ಯಾರ್ಥಿನಿಯೊಬ್ಬಳಿಗೆ ಫೋನು ಮಾಡಿದೆ. ಏಳನೆಯ ತರಗತಿಯಲ್ಲಿ ಸಂಧಿ ಬಿಡಿಸಲು ಬಾರದೆ ನನ್ನಿಂದ ಬೈಗುಳ ತಿಂದವಳು ಅವಳು. ಅವಳು ನಕ್ಕು ಹೇಳಿದಳು: "ಟೀಚರ್, ಗಾಬರಿಯಾಗಬೇಡಿ. ನಮ್ಮ ಕಚೇರಿಯಲ್ಲೂ ಹೋದ ವಾರ ಇದೇ ಆಯಿತು." ಪ್ರತಿದಿನ ಸಂಜೆ ಮಕ್ಕಳ ಕೆಲಸದ ಒಂದು ಪ್ರತಿಯನ್ನು ಮುಖ್ಯ ಕಂಪ್ಯೂಟರಿಗೆ ಸೇರಿಸುವ ವ್ಯವಸ್ಥೆಯೊಂದನ್ನು ಯಾರೋ ಒಳ್ಳೆಯ ಮನಸ್ಸಿನಿಂದ ಮಾಡಿಟ್ಟಿದ್ದರು. ಮೂರು ವರ್ಷ ಅದು ಒಂದು ದಿನವೂ ತಪ್ಪದೆ ನಡೆದಿತ್ತು. ಸೇರಿಸುವ ಏರ್ಪಾಡು ಇತ್ತು, ತೆಗೆಯುವ ಏರ್ಪಾಡು ಇರಲಿಲ್ಲ. ಅವಳು ಹೇಳಿಕೊಟ್ಟಂತೆ ಒಂದಷ್ಟನ್ನು ಅಳಿಸಿ ಪರೀಕ್ಷೆಯನ್ನು ಸುಸೂತ್ರವಾಗಿ ಮುಗಿಸಿದೆವು. ಆದರೆ "ನಿಮ್ಮ ಕಚೇರಿಯಲ್ಲಿ ಆದದ್ದು ಏನು?" ಎಂಬ ನನ್ನ ಪ್ರಶ್ನೆ ಮಾತ್ರ ಅಂದಿಗೆ ಮುಗಿಯಲಿಲ್ಲ. ಮುಂದಿನ ಹಲವು ಭಾನುವಾರಗಳಲ್ಲಿ ನಾನು ಅವಳ ವಿದ್ಯಾರ್ಥಿನಿಯಾದೆ.

ಮೊದಲು ಬಿಲ್ಡ್ ಎಂದರೇನೆಂದು ಹೇಳಬೇಕು. ಪ್ರೋಗ್ರಾಮರುಗಳು ಬರೆಯುವುದು ಮನುಷ್ಯರು ಓದಬಲ್ಲ ಒಂದು ಪಠ್ಯ. ಅದನ್ನು ಯಂತ್ರ ನಡೆಸಬಲ್ಲ ರೂಪಕ್ಕೆ ತರುವ ಇಡೀ ಕ್ರಿಯೆಗೂ ಅದರ ಫಲಕ್ಕೂ ಬಿಲ್ಡ್ ಎಂದೇ ಹೆಸರು. ಇಲ್ಲಿ ಕುಳಿತಿರುವ ಸ್ಮರಣ ಸಂಚಿಕೆಯ ಸಂಪಾದಕರಿಗೆ ಇದು ಬೇಗ ಅರ್ಥವಾದೀತು. ಲೇಖನದ ಹಸ್ತಪ್ರತಿ ಒಂದು. ಅದನ್ನು ಟೈಪು ಮಾಡಿಸಿ, ಪುಟ ಕಟ್ಟಿಸಿ ತೆಗೆಯುವ ಕರಡಚ್ಚು ಇನ್ನೊಂದು. ಹಸ್ತಪ್ರತಿಯಲ್ಲಿ ಒಂದು ಅಕ್ಷರ ತಿದ್ದಿದರೆ ಕರಡನ್ನು ಮತ್ತೆ ತೆಗೆಯಬೇಕು. ಈಗ ಒಂದು ಕಾಲ್ಪನಿಕ ನಿಯಮವನ್ನು ಮಾಡಿಕೊಳ್ಳೋಣ: ನಲವತ್ತು ಲೇಖಕರಲ್ಲಿ ಯಾರೇ ಒಂದು ಅಲ್ಪವಿರಾಮವನ್ನು ತಿದ್ದಿದರೂ ಆ ಕ್ಷಣವೇ ಇಡೀ ಸಂಚಿಕೆಯ ಕರಡನ್ನು ಹೊಸದಾಗಿ ಅಚ್ಚುಹಾಕಿ, ಪುಟ ಪುಟವನ್ನೂ ಪರಿಶೀಲಿಸಿ, ತಪ್ಪಿದ್ದರೆ ಆ ಲೇಖಕರಿಗೆ ಕೂಡಲೇ ತಿಳಿಸತಕ್ಕದ್ದು. ನಮ್ಮ ಸಂಪಾದಕರು ಅಂದೇ ರಾಜೀನಾಮೆ ಕೊಟ್ಟಾರು. ಆದರೆ ಸಾಫ್ಟ್‌ವೇರ್ ಲೋಕದಲ್ಲಿ ಇದು ದಿನನಿತ್ಯದ ಕ್ರಮ. ಇದನ್ನು ಕಂಟಿನ್ಯುವಸ್ ಇಂಟಿಗ್ರೇಷನ್ ಎನ್ನುತ್ತಾರೆ. ನಿರಂತರ ಸಂಯೋಜನೆ ಎಂದು ನಾನು ಕರೆದುಕೊಂಡಿದ್ದೇನೆ. ಹಲವರು ಬರೆದದ್ದನ್ನು ತಿಂಗಳ ಕೊನೆಯಲ್ಲಿ ಒಟ್ಟುಗೂಡಿಸಲು ಹೋದರೆ ಒಂದರೊಡನೆ ಒಂದು ಹೊಂದದೆ ವಾರಗಟ್ಟಲೆ ಒದ್ದಾಡಬೇಕಾಗುತ್ತದೆ. ಆದುದರಿಂದ ದಿನಕ್ಕೆ ಹಲವು ಬಾರಿ ಸ್ವಲ್ಪ ಸ್ವಲ್ಪವಾಗಿ ಕೂಡಿಸುತ್ತ ಹೋಗಿ ಎಂಬುದು ಇದರ ತಿರುಳು. 1990ರ ದಶಕದ ಕೊನೆಯಲ್ಲಿ ಅಮೆರಿಕದ ಕೆಂಟ್ ಬೆಕ್ ಮತ್ತು ಅವರ ಜೊತೆಗಾರರು ಇದನ್ನು ತಮ್ಮ ಕೆಲಸದ ಶಿಸ್ತಿನಲ್ಲಿ ಸೇರಿಸಿಕೊಂಡ ಬಳಿಕ ಅದು ಎಲ್ಲೆಡೆ ಹಬ್ಬಿತು.

ಕೂಡಿಸಿ ನೋಡುವ ಈ ಬೇಸರದ ಕೆಲಸವನ್ನು ಮನುಷ್ಯರು ಮಾಡುವುದಿಲ್ಲ. ಅದಕ್ಕೆಂದೇ ಮೀಸಲಾದ ಸರ್ವರ್‌ಗಳಿವೆ. ಅವುಗಳಲ್ಲಿ ಬಹಳ ಪ್ರಸಿದ್ಧವಾದದ್ದು ಜೆಂಕಿನ್ಸ್. ಜಪಾನಿನ ಕೊಹ್ಸುಕೆ ಕವಾಗುಚಿ ಎಂಬವರು ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿದ್ದಾಗ 2004ರಲ್ಲಿ ಇದನ್ನು ಹಡ್ಸನ್ ಎಂಬ ಹೆಸರಿನಲ್ಲಿ ಬರೆಯತೊಡಗಿದರು. ಆ ಸಂಸ್ಥೆ ಒರಾಕಲ್‌ನ ಕೈಸೇರಿದ ಮೇಲೆ ಹೆಸರಿನ ಬಗ್ಗೆ ತಕರಾರೆದ್ದು 2011ರಲ್ಲಿ ಅದು ಜೆಂಕಿನ್ಸ್ ಆಯಿತು. ಎರಡೂ ಹಳೆಯ ಕಾಲದ ಇಂಗ್ಲಿಷ್ ಬಟ್ಲರುಗಳಿಗೆ ಒಪ್ಪುವಂಥ ಹೆಸರುಗಳು. ಅದರ ಲಾಂಛನದಲ್ಲಿಯೂ ಕೈಮೇಲೆ ಬಟ್ಟೆ ಹಾಕಿಕೊಂಡು ನಿಂತ ಒಬ್ಬ ಬಟ್ಲರ್ ಇದ್ದಾನೆ. ಹೇಳಿದ್ದನ್ನು ಹೇಳಿದಂತೆಯೇ ಮಾಡುವ ಸೇವಕ. ಈ ಸೇವಕ ಮನೆಯನ್ನೂ ಗುಡಿಸಬಲ್ಲ. ಆದರೆ ಗುಡಿಸೆಂದು ನಾವು ಹೇಳಬೇಕು.

ಲೆಕ್ಕ ಹಾಕೋಣ, ಮಕ್ಕಳೇ, ನೀವೂ ಹಾಕಿ. ಒಂದು ಬಿಲ್ಡ್ ಬಿಟ್ಟುಹೋಗುವ ಡೈರೆಕ್ಟರಿ, ನಿಮ್ಮ ಮಾತಿನ ಫೋಲ್ಡರ್, ಒಂದು ಜಿ.ಬಿ. ಎಂದಿಟ್ಟುಕೊಳ್ಳಿ. ದಿನಕ್ಕೆ 40 ಬಿಲ್ಡ್. ತಿಂಗಳಿಗೆ 25 ಕೆಲಸದ ದಿನ. ತಿಂಗಳಿಗೆ 1,000 ಜಿ.ಬಿ., ಅಂದರೆ ಹತ್ತಿರಹತ್ತಿರ ಒಂದು ಟಿ.ಬಿ. ಇಂಥ ಹತ್ತು ಯೋಜನೆಗಳು ಒಂದೇ ಸರ್ವರಿನಲ್ಲಿದ್ದರೆ ಒಂದು ವರ್ಷಕ್ಕೆ ಎಷ್ಟಾಯಿತು? ದೊಡ್ಡ ಡಿಸ್ಕ್ ತಂದರೆ ತುಂಬುವ ದಿನ ಮುಂದೆ ಹೋದೀತೇ ಹೊರತು ತಪ್ಪುವುದಿಲ್ಲ.

ಡಿಸ್ಕ್ ತುಂಬಿದಾಗ ಆಗುವ ಅನಾಹುತದ ಸ್ವರೂಪ ವಿಚಿತ್ರವಾದದ್ದು. ಬಿಲ್ಡ್ ಸೋಲುತ್ತದೆ, ಆದರೆ ಸೋತದ್ದು ಪ್ರೋಗ್ರಾಮಿನ ದೋಷದಿಂದಲ್ಲ. ಬರೆದವಳು ತನ್ನ ಬರಹದಲ್ಲಿಯೇ ತಪ್ಪು ಹುಡುಕುತ್ತ ಅರ್ಧ ದಿನ ಕಳೆಯುತ್ತಾಳೆ. ನಿನ್ನೆ ತೇರ್ಗಡೆಯಾದದ್ದು ಇಂದು ಏಕೆ ನಪಾಸಾಯಿತು? ಬೆಂಚು ಮುರಿದದ್ದಕ್ಕೆ ಮಗುವಿನ ಅಂಕ ಕಳೆದಂತೆ ಇದು. ಇನ್ನೊಂದು ಸೂಕ್ಷ್ಮವನ್ನೂ ಅವಳು ತಿಳಿಸಿದಳು. ಕೆಲವೊಮ್ಮೆ ಡಿಸ್ಕಿನಲ್ಲಿ ಜಾಗ ಧಾರಾಳವಾಗಿ ಇರುತ್ತದೆ, ಆದರೂ "ಜಾಗ ಉಳಿದಿಲ್ಲ" ಎಂಬ ಅದೇ ಸಾಲು ಬರುತ್ತದೆ. ಲಿನಕ್ಸ್‌ನ ಹಲವು ಕಡತವ್ಯವಸ್ಥೆಗಳಲ್ಲಿ ಪ್ರತಿಯೊಂದು ಫೈಲಿಗೂ ಐನೋಡ್ ಎಂಬ ಒಂದು ನಮೂದು ಬೇಕು. ಆ ನಮೂದುಗಳ ಸಂಖ್ಯೆ ಡಿಸ್ಕನ್ನು ಸಜ್ಜುಗೊಳಿಸುವಾಗಲೇ ನಿಗದಿಯಾಗಿರುತ್ತದೆ. ಬಿಲ್ಡ್‌ಗಳು ಲಕ್ಷಗಟ್ಟಲೆ ಚಿಕ್ಕಚಿಕ್ಕ ಫೈಲುಗಳನ್ನು ಹೆರುತ್ತವೆ. ಕಪಾಟಿನಲ್ಲಿ ಸ್ಥಳವಿದೆ, ಆದರೆ ಕಪಾಟಿನ ವಹಿಯಲ್ಲಿ ಬರೆಯಲು ಗೆರೆ ಉಳಿದಿಲ್ಲ. ಸರಕಾರಿ ಕಚೇರಿಗಳೊಡನೆ ಮೂವತ್ತು ವರ್ಷ ವ್ಯವಹರಿಸಿದ ನನಗೆ ಇದನ್ನು ಅರ್ಥಮಾಡಿಕೊಳ್ಳುವುದು ಕಷ್ಟವಾಗಲಿಲ್ಲ.

ಹಾಗಾದರೆ ಏನನ್ನು ತೆಗೆಯಬೇಕು? ಇಲ್ಲಿ ಮೊದಲಿಗೆ ಎರಡು ವಸ್ತುಗಳನ್ನು ಬೇರ್ಪಡಿಸಬೇಕು. ಕೆಲಸ ನಡೆಯುವ ಮೇಜು ಒಂದು. ಅದಕ್ಕೆ ವರ್ಕ್‌ಸ್ಪೇಸ್ ಎನ್ನುತ್ತಾರೆ. ಕೆಲಸದ ದಾಖಲೆ ಇನ್ನೊಂದು: ಎಷ್ಟನೆಯ ಬಿಲ್ಡ್, ಯಾವಾಗ ನಡೆಯಿತು, ಗೆದ್ದಿತೇ ಸೋತಿತೇ, ನಡುವೆ ಯಂತ್ರ ಏನೇನು ಹೇಳಿತು, ಕೊನೆಗೆ ಕೈಗೆ ಬಂದ ಸಿದ್ಧವಸ್ತು ಯಾವುದು. ಮೇಜನ್ನು ಒರೆಸುವುದಕ್ಕೂ ದಾಖಲೆಯನ್ನು ಹರಿಯುವುದಕ್ಕೂ ಒಂದೇ ನಿಯಮ ಸಲ್ಲದು. ಜೆಂಕಿನ್ಸ್ ಈ ಎರಡನ್ನೂ ಬೇರೆಬೇರೆಯಾಗಿಯೇ ನೋಡುತ್ತದೆ. ಬಹುಕಾಲ ಬಳಸದ ಮೇಜುಗಳನ್ನು ದಿನಕ್ಕೊಮ್ಮೆ ಹುಡುಕಿ ತೆಗೆಯುವ ಕೆಲಸ ಅದರಲ್ಲಿ ತಾನಾಗಿ ನಡೆಯುತ್ತದೆ. ನಾವು ಬೇರೆ ಹೇಳದಿದ್ದರೆ ಅದರ ಗಡು 30 ದಿನ. ದಾಖಲೆಗಳ ವಿಚಾರದಲ್ಲಿ ಅದು ನಮ್ಮನ್ನು ಕೇಳುತ್ತದೆ: ಎಷ್ಟು ದಿನ ಇಡಲಿ, ಎಷ್ಟು ಸಂಖ್ಯೆಯಲ್ಲಿ ಇಡಲಿ? ಸಿದ್ಧವಸ್ತುಗಳಿಗೆ ಪ್ರತ್ಯೇಕ ಗಡು ಕೊಡಬಹುದು. ಆಗ ಭಾರವಾದ ವಸ್ತು ಹೋಗಿ, ಹಗುರಾದ ವಿವರ ಉಳಿಯುತ್ತದೆ. ಗಿಟ್‌ಹಬ್, ಗಿಟ್‌ಲ್ಯಾಬ್ ಮೊದಲಾದ ಕಡೆಗಳಲ್ಲಿಯೂ ಇಂಥ ಗಡುಗಳೇ ಇವೆ. ಮೊದಲನೆಯದರಲ್ಲಿ ಸಾಮಾನ್ಯವಾಗಿ 90 ದಿನ, ಎರಡನೆಯದರಲ್ಲಿ 30.

ಇದರಲ್ಲಿ ನನ್ನ ಮನಸ್ಸಿಗೆ ಹಿಡಿಸಿದ ಎರಡು ಸಂಗತಿಗಳಿವೆ. "ಹತ್ತು ದಿನಕ್ಕಿಂತ ಹಳೆಯದೆಲ್ಲ ಹೋಗಲಿ" ಎಂದು ನೀವು ಆಜ್ಞೆ ಮಾಡಿದರೂ, ಕೊನೆಯ ಬಾರಿ ಯಶಸ್ವಿಯಾದ ಬಿಲ್ಡನ್ನು ಜೆಂಕಿನ್ಸ್ ಅಳಿಸುವುದಿಲ್ಲ. ಯಾರೂ ಎರಡು ವರ್ಷ ಮುಟ್ಟದ ಯೋಜನೆಯೊಂದಿದೆ ಎನ್ನಿ. ವಯಸ್ಸಿನ ನಿಯಮವನ್ನು ಅಕ್ಷರಶಃ ಪಾಲಿಸಿದರೆ ಅಲ್ಲಿ ಏನೂ ಉಳಿಯಬಾರದು. ಆದರೆ ಸರಿಯಾಗಿ ನಡೆದ ಕೊನೆಯ ರೂಪ ಎಷ್ಟೇ ಹಳೆಯದಾದರೂ ಅದು ಹಳೆಯದಲ್ಲ. ಆ ಯೋಜನೆಯ ಮಟ್ಟಿಗೆ ಅದೇ ವರ್ತಮಾನ. ಎರಡನೆಯದು, ಪ್ರತಿ ಬಿಲ್ಡಿನ ಪುಟದಲ್ಲಿಯೂ ಇರುವ ಒಂದು ಗುಂಡಿ: "ಇದನ್ನು ಎಂದೆಂದಿಗೂ ಇಡು." ಅದನ್ನು ಒತ್ತಿದರೆ ಒಂದು ಬೀಗದ ಚಿಹ್ನೆ ಬರುತ್ತದೆ, ಮತ್ತೆ ಯಾವ ಗಡುವೂ ಅದಕ್ಕೆ ತಾಗದು. ಗಿರಾಕಿಗಳ ಕೈಗೆ ಕೊಟ್ಟ ಆವೃತ್ತಿಗಳಿಗೆ ಹೀಗೆ ಬೀಗ ಹಾಕುತ್ತಾರಂತೆ. ಆ ಗುಂಡಿಯನ್ನು ಮಾತ್ರ ಯಾರಾದರೂ ನೆನಪಿಟ್ಟು ಒತ್ತಬೇಕು.

ವಯಸ್ಸು ನೋಡಿ ಅಳಿಸುವುದರಲ್ಲಿ ಇನ್ನೊಂದು ಮೋಸವಿದೆ. ಎಷ್ಟೋ ಕಡೆ ಜೆಂಕಿನ್ಸ್‌ನ ಸೌಕರ್ಯಗಳನ್ನು ಬಿಟ್ಟು, ರಾತ್ರಿ ಹೊತ್ತು ತಾನಾಗಿ ನಡೆಯುವ ಎರಡು ಸಾಲಿನ ಸ್ಕ್ರಿಪ್ಟ್ ಬರೆದಿಡುತ್ತಾರೆ: ಮೂವತ್ತು ದಿನಗಳಿಂದ ಬದಲಾಗದ ಡೈರೆಕ್ಟರಿಗಳನ್ನು ಹುಡುಕು, ಅಳಿಸು. ಕೇಳಲು ನಿರಪಾಯವಾಗಿದೆ. ಆದರೆ ಲಿನಕ್ಸಿನಲ್ಲಿ ಒಂದು ಡೈರೆಕ್ಟರಿಯ ಮೇಲಿರುವ ದಿನಾಂಕ ಬದಲಾಗುವುದು ಅದರೊಳಕ್ಕೆ ನೇರವಾಗಿ ಏನಾದರೂ ಸೇರಿದಾಗ, ಹೋದಾಗ ಅಥವಾ ಹೆಸರು ಬದಲಾದಾಗ ಮಾತ್ರ. ಅದರೊಳಗಿನ ಡೈರೆಕ್ಟರಿಯ ಒಳಗಿನ ಫೈಲನ್ನು ನೀವು ಈ ಬೆಳಗ್ಗೆ ತಿದ್ದಿರಬಹುದು. ಹೊರಗಿನ ದಿನಾಂಕ ಹಾಗೆಯೇ ಇರುತ್ತದೆ. ಪಡಸಾಲೆಗೆ ಯಾರೂ ಬರಲಿಲ್ಲವೆಂದು, ಅಡುಗೆಮನೆಯಲ್ಲಿ ಹೊಗೆಯಾಡುತ್ತಿರುವ ಮನೆಯನ್ನು ಪಾಳು ಎಂದು ಬರೆದುಕೊಂಡು ಹೋದ ಜನಗಣತಿಯವರಂತೆ ಆಯಿತು. ನಡೆಯುತ್ತಿರುವ ಬಿಲ್ಡಿನ ಕಾಲಕೆಳಗಿನ ನೆಲವನ್ನೇ ಇಂಥ ಸ್ಕ್ರಿಪ್ಟುಗಳು ಎಳೆದದ್ದುಂಟು ಎಂದು ಅವಳು ಹೇಳಿದಳು.

ಅಳಿಸುವ ಯಂತ್ರ ಏನನ್ನು ಮಾಡಬಲ್ಲದು ಎಂಬುದಕ್ಕೆ ಲೋಕಕ್ಕೆ ತಿಳಿದ ಎರಡು ಪ್ರಸಂಗಗಳನ್ನು ಹೇಳುತ್ತೇನೆ. 2015ರ ಜನವರಿಯಲ್ಲಿ, ಸ್ಟೀಮ್ ಎಂಬ ಆಟಗಳ ತಂತ್ರಾಂಶದ ಲಿನಕ್ಸ್ ಆವೃತ್ತಿಯಲ್ಲಿ ಒಂದು ದೋಷ ಬೆಳಕಿಗೆ ಬಂತು. ಅದರ ಸ್ಕ್ರಿಪ್ಟಿನಲ್ಲಿ "ಸ್ಟೀಮ್ ಇರುವ ಡೈರೆಕ್ಟರಿಯ ಒಳಗಿನದನ್ನೆಲ್ಲ ಅಳಿಸು" ಎಂಬ ಅರ್ಥದ ಸಾಲಿತ್ತು. ಆ ಡೈರೆಕ್ಟರಿಯ ಹೆಸರು ಯಾವುದೋ ಕಾರಣಕ್ಕೆ ಸಿಗದೆ ಹೋದಾಗ ಹೆಸರಿನ ಜಾಗ ಖಾಲಿ ಉಳಿಯಿತು. ಉಳಿದ ಆಜ್ಞೆಯ ಅರ್ಥ: ಮೂಲದಿಂದ ಕೆಳಗೆ ಎಲ್ಲವನ್ನೂ ಅಳಿಸು. ಬಳಸುತ್ತಿದ್ದವರ ಚಿತ್ರಗಳು, ಪತ್ರಗಳು ಹೋದವು. ಬರೆದವರಿಗೆ ಅನುಮಾನವಿರಲಿಲ್ಲವೆಂದಲ್ಲ; ಆ ಸಾಲಿನ ಮೇಲೆ "ಹೆದರಿಕೆಯಾಗುತ್ತದೆ" ಎಂಬ ಅರ್ಥದ ಟಿಪ್ಪಣಿಯನ್ನು ಅವರೇ ಬರೆದಿದ್ದರು! ಹೆದರಿಕೆಯನ್ನು ಬರೆದಿಟ್ಟದ್ದರಿಂದ ಯಾರಿಗೂ ಉಪಕಾರವಾಗಲಿಲ್ಲ.

ಎರಡನೆಯದು ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ್ದು. ಅಲ್ಲಿನ ಸೂಪರ್ ಕಂಪ್ಯೂಟರಿನಲ್ಲಿ ಹತ್ತು ದಿನಕ್ಕಿಂತ ಹಳೆಯ ಲಾಗ್ ಫೈಲುಗಳನ್ನು, ಅಂದರೆ ಯಂತ್ರದ ದಿನಚರಿಯ ಪುಟಗಳನ್ನು, ಅಳಿಸುವ ಸ್ಕ್ರಿಪ್ಟ್ ಇತ್ತು. ಅದನ್ನು ಉತ್ತಮಪಡಿಸಿ ಹೊಸ ಪ್ರತಿಯೊಂದನ್ನು ತಂದು, ಹಳೆಯದು ಇನ್ನೂ ನಡೆಯುತ್ತಿರುವಾಗಲೇ ಅದರ ಮೇಲೆ ಇಟ್ಟರು. ಇಂಥ ಸ್ಕ್ರಿಪ್ಟನ್ನು ಯಂತ್ರ ಒಮ್ಮೆಗೇ ಓದಿ ಮುಗಿಸುವುದಿಲ್ಲ. ಓದುತ್ತ ಓದುತ್ತ ಮಾಡುತ್ತದೆ. ಮೊದಲ ಅರ್ಧ ಹಳೆಯ ಆಜ್ಞೆ, ಉಳಿದರ್ಧ ಹೊಸ ಆಜ್ಞೆ. ನಡುವೆ ಸ್ಥಳದ ಹೆಸರು ಹೇಳುವ ಸಾಲು ಕಾಣೆ. 2021ರ ಡಿಸೆಂಬರ್ 14ರಿಂದ 16ರವರೆಗೆ ಸುಮಾರು 77 ಟಿ.ಬಿ., ಸುಮಾರು 3.4 ಕೋಟಿ ಫೈಲುಗಳು ಅಳಿದವು. 14 ಸಂಶೋಧನಾ ಗುಂಪುಗಳಿಗೆ ನಷ್ಟವಾಯಿತು. ಅವುಗಳಲ್ಲಿ 4 ಗುಂಪುಗಳ ಕೆಲಸ ಮರಳಿ ಬರಲಿಲ್ಲ. ಹೋಗಬೇಕಾಗಿದ್ದದ್ದು ಹತ್ತು ದಿನ ಹಳೆಯ ದಿನಚರಿ ಮಾತ್ರ.

ಇಂಥವುಗಳಿಂದ ಕಲಿತವರು ಕೆಲವು ಪದ್ಧತಿಗಳನ್ನು ಮಾಡಿಕೊಂಡಿದ್ದಾರೆ. ಹೆಸರಿನ ಜಾಗ ಖಾಲಿಯಿದ್ದರೆ ಮುಂದುವರಿಯದೆ ಅಲ್ಲಿಯೇ ನಿಲ್ಲು ಎಂದು ಸ್ಕ್ರಿಪ್ಟಿನ ಆರಂಭದಲ್ಲಿಯೇ ಬರೆಯುವುದು. ಅಳಿಸುವ ಮೊದಲು ಏನನ್ನು ಅಳಿಸಲಿದ್ದೇನೆಂಬ ಪಟ್ಟಿಯನ್ನಷ್ಟೇ ಹೊರಡಿಸುವುದು. ಡೈರೆಕ್ಟರಿಯನ್ನು ಒಮ್ಮೆಗೇ ನಾಶಮಾಡದೆ ಹೆಸರು ಬದಲಿಸಿ ಒತ್ತಟ್ಟಿಗೆ ಸರಿಸಿ, ಆಮೇಲೆ ಅಳಿಸುವುದು. ನಮ್ಮ ಹಿರಿಯರು ಹಳೆ ಸಾಮಾನನ್ನು ನೇರವಾಗಿ ಬೇಲಿಯಾಚೆ ಎಸೆಯದೆ ಒಂದು ಮಳೆಗಾಲ ಹಿತ್ತಿಲ ಜಗಲಿಯಲ್ಲಿ ಇಡುತ್ತಿದ್ದರಲ್ಲ, ಅಂಥದೇ ಕ್ರಮ.

ಆದರೆ ಈ ಎಲ್ಲ ಧೈರ್ಯದ ಬುಡದಲ್ಲಿ ಒಂದು ನಂಬಿಕೆಯಿದೆ. ಬಿಲ್ಡ್ ಹೋದರೇನಂತೆ, ಮೂಲಪಠ್ಯ ಭದ್ರವಾಗಿದೆ, ಬೇಕಾದಾಗ ಮತ್ತೆ ಕಟ್ಟಬಹುದು ಎಂಬುದೇ ಆ ನಂಬಿಕೆ. ಬಹುಮಟ್ಟಿಗೆ ಅದು ನಿಜ. ಆದರೆ ಮತ್ತೆ ಕಟ್ಟಲು ಮೂಲಪಠ್ಯವೊಂದೇ ಸಾಲದು. ಅಂದಿನ ಉಪಕರಣಗಳು ಬೇಕು, ಹೊರಗಿನಿಂದ ತಂದುಕೊಂಡ ಬಿಡಿಭಾಗಗಳು ಅಂದಿನಂತೆಯೇ ಸಿಗಬೇಕು. 2016ರ ಮಾರ್ಚ್‌ನಲ್ಲಿ ಲೆಫ್ಟ್‌ಪ್ಯಾಡ್ ಎಂಬ, ಬರಿಯ 11 ಸಾಲುಗಳ ಒಂದು ಬಿಡಿಭಾಗವನ್ನು ಅದನ್ನು ಬರೆದವರು ಸಾರ್ವಜನಿಕ ಭಂಡಾರದಿಂದ ಹಿಂತೆಗೆದುಕೊಂಡರು. ಅದನ್ನು ನೆಚ್ಚಿದ್ದ ಸಾವಿರಾರು ಯೋಜನೆಗಳ ಬಿಲ್ಡ್‌ಗಳು ಲೋಕದ ನಾನಾ ಕಡೆ ಸೋಲತೊಡಗಿದವು. ಕೆಲವೇ ಗಂಟೆಗಳಲ್ಲಿ ಅದನ್ನು ಹಿಂದಕ್ಕೆ ತಂದದ್ದು ಹೌದು. ಆದರೆ ಆ ಗಂಟೆಗಳಲ್ಲಿ, ಹಳೆಯ ಸಿದ್ಧವಸ್ತುವನ್ನು ಅಳಿಸಿದ್ದವರ ಪಾಡನ್ನು ಊಹಿಸಿಕೊಳ್ಳಿ. ಆದುದರಿಂದ ಹಳೆಯದೇ ಹೊಸದೇ ಎಂದು ಕೇಳುವ ಮೊದಲು, ಮತ್ತೆ ಮಾಡಲು ಸಾಧ್ಯವೇ ಎಂದು ಕೇಳಬೇಕು. ಆ ಪ್ರಶ್ನೆಯನ್ನು ಯಂತ್ರ ಕೇಳುವುದಿಲ್ಲ. ಅದಕ್ಕೆ ಗೊತ್ತಿರುವುದು ದಿನಾಂಕ.

ಅವಳು ಫೋನಿನಲ್ಲಿ ಇದನ್ನು ಹೇಳುತ್ತಿದ್ದಾಗ ನಾನು ಮಾತಿಲ್ಲದೆ ಕುಳಿತಿದ್ದೆ. ಕಾರಣವನ್ನು ಅವಳಿಗೆ ಅಂದು ಹೇಳಿರಲಿಲ್ಲ. ಇಂದು ನಿಮ್ಮೆಲ್ಲರ ಎದುರು ಹೇಳುತ್ತೇನೆ.

ನಾನು ಈ ಶಾಲೆಯ ಮುಖ್ಯೋಪಾಧ್ಯಾಯಿನಿಯಾದ ವರ್ಷದ ಬೇಸಗೆ ರಜೆಯಲ್ಲಿ ಹಳೆ ಕಟ್ಟಡದ ಮಾಡು ರಿಪೇರಿಗೆ ಬಂತು. ಅಟ್ಟದ ಮೇಲೆ ಎದೆಯೆತ್ತರ ಕಾಗದವಿತ್ತು. ಒರಲೆ ಹಿಡಿದದ್ದು, ಇಲಿ ಕಡಿದದ್ದು, ಹೆಂಚಿನ ಸೋರಿಕೆಗೆ ನೆನೆದು ಗಟ್ಟಿಯಾದದ್ದು. ದಾಖಲಾತಿ ಪುಸ್ತಕಗಳನ್ನು ನಾನು ಮೊದಲೇ ಕಬ್ಬಿಣದ ಕಪಾಟಿಗೆ ತರಿಸಿದ್ದೆ. ಅವನ್ನು ಯಾವ ಶಾಲೆಯೂ ಕಳೆಯಬಾರದೆಂಬ ಅರಿವಿತ್ತು. ಉಳಿದದ್ದಕ್ಕೆ ಒಂದು ನಿಯಮ ಮಾಡಿದೆ: ಹತ್ತು ವರ್ಷಕ್ಕಿಂತ ಹಿಂದಿನದು ಯಾವುದೂ ಬೇಡ. ಹಳೆ ಹಾಜರಿ ಪುಸ್ತಕ, ಉತ್ತರಪತ್ರಿಕೆಗಳ ಕಟ್ಟು, ಬಿಲ್ಲುಗಳು, ಸುತ್ತೋಲೆಗಳು. ಕೆಲಸದವರು ಕಟ್ಟಿನ ಮೇಲಿನ ಇಸವಿ ನೋಡಿ ಕೆಳಗಿಳಿಸಿದರು. ಗುಜರಿಯವರ ಟೆಂಪೋ ಎರಡು ಸಲ ಬಂದು ಹೋಯಿತು. ಅಂಗಳ ಗುಡಿಸಿ, ಅಟ್ಟಕ್ಕೆ ಸುಣ್ಣ ಬಳಿಸಿದೆವು. ಎಷ್ಟು ಸ್ವಚ್ಛವಾಯಿತೆಂದು ಎಲ್ಲರೂ ಹೊಗಳಿದರು, ನಾನೂ ಹಿಗ್ಗಿದೆ.

ಕಳೆದ ವರ್ಷ ಶತಮಾನೋತ್ಸವದ ಮೊದಲ ಸಭೆ ಸೇರಿದಾಗ, ಎಂಬತ್ತು ದಾಟಿದ ಹಳೆ ವಿದ್ಯಾರ್ಥಿಯೊಬ್ಬರು ಮೊಮ್ಮಗನ ಕೈ ಹಿಡಿದುಕೊಂಡು ಕಚೇರಿಗೆ ಬಂದರು. 1956ರಲ್ಲಿ ಅವರು ಇಲ್ಲಿ ಏಳನೆಯ ತರಗತಿಯಲ್ಲಿದ್ದರು. ಆ ವರ್ಷದ ನವೆಂಬರ್ 1ರಂದು ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಹೊಸ ಕೇರಳ ರಾಜ್ಯಕ್ಕೆ ಸೇರಿತಷ್ಟೆ. ಆ ತಿಂಗಳಲ್ಲಿ ಮಕ್ಕಳೇ ಬರೆದು, ಹೊಲಿದು, ಗೋಂದು ಹಾಕಿ ಮಾಡಿದ ಕೈಬರಹದ ಪತ್ರಿಕೆಯೊಂದಕ್ಕೆ ಅವರು ಸಂಪಾದಕರಾಗಿದ್ದರಂತೆ. ಊರಿನ ದೊಡ್ಡವರು ಜಗಲಿಯಲ್ಲಿ ಕುಳಿತು ಏನೇನು ಮಾತನಾಡಿಕೊಂಡರೋ ಅದನ್ನು ಮಕ್ಕಳು ಕೇಳಿ ಬರೆದಿದ್ದರಂತೆ. "ಟೀಚರೇ, ಅದು ಅಟ್ಟದಲ್ಲಿ ಪರೀಕ್ಷೆಯ ಕಟ್ಟುಗಳ ಜೊತೆ ಇತ್ತು. ಒಮ್ಮೆ ನೋಡಬೇಕಿತ್ತು" ಎಂದರು. ನಾನು ಅವರಿಗೆ ನೀರು ಕೊಟ್ಟೆ. ಹುಡುಕಿಸುತ್ತೇನೆ ಎಂದೆ. ಅದು ಸುಳ್ಳು ಎಂದು ಹೇಳುವಾಗಲೇ ಗೊತ್ತಿತ್ತು. ಆಮೇಲೆ ಅವರ ಮನೆಗೆ ಹೋಗಿ ನಿಜವನ್ನು ಹೇಳಿ ಬಂದೆ. ಅವರು ಸಿಟ್ಟು ಮಾಡಲಿಲ್ಲ. ಆ ಪತ್ರಿಕೆಯ ಮುಖಪುಟಕ್ಕೆ ತಾವು ಬರೆದ ಚಿತ್ರ ಯಾವುದೆಂದು ನೆನಪಿಸಿಕೊಳ್ಳಲು ಪ್ರಯತ್ನಿಸಿದರು. ನೆನಪಾಗಲಿಲ್ಲ.

ಸ್ವಚ್ಛತೆಯೇ ತಪ್ಪೆಂದು ನಾನು ಹೇಳುತ್ತಿಲ್ಲ. ಆ ಅಟ್ಟದಲ್ಲಿದ್ದ ನೂರರಲ್ಲಿ ತೊಂಬತ್ತೊಂಬತ್ತು ಪಾಲು ಹೋಗಲೇಬೇಕಾಗಿತ್ತು. ಅದನ್ನು ಇಟ್ಟುಕೊಂಡಿದ್ದರೆ ಒರಲೆ ಕಪಾಟಿಗೂ ಬರುತ್ತಿತ್ತು. ನಾನು ಅಂದು ಪಟ್ಟಿ ಮಾಡಿಸಲಿಲ್ಲ. ಜಗಲಿಯಲ್ಲಿ ಒಂದು ಮಳೆಗಾಲ ಇಡಿಸಲಿಲ್ಲ. ಇಸವಿ ನೋಡಿದೆ, ಕಟ್ಟು ಬಿಚ್ಚಲಿಲ್ಲ.

ಈಗ ನಮ್ಮ ಪ್ರಯೋಗಾಲಯದ ವಿಚಾರಕ್ಕೆ ಮರಳುತ್ತೇನೆ. ಕಳೆದ ದಸರಾ ರಜೆಯಲ್ಲಿ ಆ ಹಳೆ ವಿದ್ಯಾರ್ಥಿನಿ ಊರಿಗೆ ಬಂದವಳು ನಮ್ಮ ಲಿಟಲ್ ಕೈಟ್ಸ್ ಮಕ್ಕಳೊಂದಿಗೆ ಎರಡು ದಿನ ಕುಳಿತು, ಹಳೆಯ ಪ್ರತಿಗಳನ್ನು ತೆರವುಗೊಳಿಸುವ ಒಂದು ಸಣ್ಣ ಸ್ಕ್ರಿಪ್ಟನ್ನು ಬರೆಸಿದಳು. ಬರೆದವರು ಮಕ್ಕಳೇ, ಅವಳು ಪ್ರಶ್ನೆ ಮಾತ್ರ ಕೇಳಿದಳು. ಅರುವತ್ತು ದಿನಗಳಿಂದ ಯಾರೂ ಮುಟ್ಟದ ಫೋಲ್ಡರುಗಳನ್ನು ಅದು ಹುಡುಕುತ್ತದೆ. ಹೊರಗಿನ ದಿನಾಂಕವನ್ನಲ್ಲ, ಒಳಗಿನ ಅತಿ ಹೊಸ ಫೈಲಿನ ದಿನಾಂಕವನ್ನು ನೋಡುತ್ತದೆ. ಪ್ರತಿ ಮಗುವಿನ ಕೊನೆಯ ಪ್ರತಿಯೊಂದನ್ನು ವಯಸ್ಸು ನೋಡದೆ ಬಿಡುತ್ತದೆ. ಫೋಲ್ಡರಿನೊಳಗೆ "ಬೀಗ" ಎಂಬ ಹೆಸರಿನ ಖಾಲಿ ಫೈಲೊಂದಿದ್ದರೆ ಅದನ್ನು ದಾಟಿ ಮುಂದೆ ಹೋಗುತ್ತದೆ. ಸ್ಥಳದ ಹೆಸರು ಖಾಲಿಯಿದ್ದರೆ ಏನೂ ಮಾಡದೆ ನಿಲ್ಲುತ್ತದೆ. ಶುಕ್ರವಾರ ಅದು ಅಳಿಸುವುದಿಲ್ಲ, ಪಟ್ಟಿಯನ್ನು ಮಾತ್ರ ಕೊಡುತ್ತದೆ. ಆ ಪಟ್ಟಿಯನ್ನು ಮುದ್ರಿಸಿ ಸೂಚನಾ ಫಲಕಕ್ಕೆ ಅಂಟಿಸುತ್ತೇವೆ. ಸೋಮವಾರ ಸಂಜೆಯವರೆಗೆ ಯಾರೂ ಬಂದು ಕೇಳದಿದ್ದರೆ ಫೋಲ್ಡರನ್ನು ಒತ್ತಟ್ಟಿಗೆ ಸರಿಸುತ್ತದೆ; ಇನ್ನೂ ಒಂದು ತಿಂಗಳು ಕಾದು ಅಳಿಸುತ್ತದೆ.

ಸ್ಕ್ರಿಪ್ಟ್ ಬರೆಯುವಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಟೀಚರ್, ಯಾರೂ ಬಂದು ಕೇಳದ್ದನ್ನು ಇಡಬೇಕೋ ಬೇಡವೋ ಎಂದು ಯಾರು ನೋಡುವುದು?" ಉತ್ತರ ನನ್ನಲ್ಲಿ ಇರಲಿಲ್ಲ. ಪಟ್ಟಿಯನ್ನು ನಾನೂ ಓದುತ್ತೇನೆ ಎಂದಷ್ಟೇ ಹೇಳಿದೆ. ಅಂದಿನಿಂದ ಪ್ರತಿ ಶುಕ್ರವಾರ ಓದುತ್ತಿದ್ದೇನೆ. ಹೆಚ್ಚಿನವು "ಹೊಸ ಫೋಲ್ಡರ್ 7", "ಟೆಸ್ಟ್", "ಟೆಸ್ಟ್ ಕೊನೆ", "ಟೆಸ್ಟ್ ನಿಜವಾದ ಕೊನೆ" ಇಂಥವೇ. ಮೂರನೆಯ ವಾರದ ಪಟ್ಟಿಯಲ್ಲಿ "ಅಜ್ಜಿ 2" ಎಂದಿತ್ತು. ತೆರೆದು ನೋಡಿದರೆ ಎಂಟನೆಯ ತರಗತಿಯ ಹುಡುಗನೊಬ್ಬ ಭಾಷಾ ಚಟುವಟಿಕೆಗೆಂದು ತನ್ನ ಅಜ್ಜಿಯ ಪಾಡ್ದನವನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿದ್ದ, ಇಪ್ಪತ್ತು ನಿಮಿಷ. ಅಂಕ ಸಿಕ್ಕಿದ ಮೇಲೆ ಅವನಿಗೆ ಅದು ಮರೆತುಹೋಗಿತ್ತು. ಕರೆದು ಕೇಳಿದೆ. ಅಜ್ಜಿಗೆ ಈಗ ಮಾತು ಬರುವುದಿಲ್ಲ ಎಂದ. ಬೀಗದ ಫೈಲನ್ನು ಅವನ ಕೈಯಿಂದಲೇ ಹಾಕಿಸಿದೆವು.

ಈ ವಾರದ ಪಟ್ಟಿ ಕಂಪ್ಯೂಟರ್ ಪ್ರಯೋಗಾಲಯದ ಬಾಗಿಲಿನ ಎಡಕ್ಕೆ ಅಂಟಿಸಿದೆ, 23 ಹೆಸರುಗಳಿವೆ. ಅವುಗಳಲ್ಲಿ ನಾಲ್ಕು ನನಗೂ ಅರ್ಥವಾಗಲಿಲ್ಲ. ಊಟದ ಬಿಡುವಿನಲ್ಲಿ ಹಳೆ ವಿದ್ಯಾರ್ಥಿಗಳು, ಹೆತ್ತವರು ಆ ಕಡೆ ಹೋದರೆ ದಯವಿಟ್ಟು ಒಮ್ಮೆ ಓದಿ. ಸೋಮವಾರ ಸಂಜೆಯವರೆಗೆ ಸಮಯವಿದೆ.